ಉಪಗ್ರಹ ಚಿತ್ರಕ್ಕೆ ಸ್ಪಷ್ಟತೆ: ನಾಲ್ಕು ವಿಧಾನಗಳ ಹೋಲಿಕೆ

ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಬಣ್ಣದ ಬ್ಯಾಂಡ್‌ಗಳಲ್ಲಿ (ಬೆಳಕಿನ ಒಂದೊಂದು ಪಟ್ಟಿಯಲ್ಲಿ ತೆಗೆದ ಚಿತ್ರಗಳಲ್ಲಿ) ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 30 ಮೀಟರ್; ಕಪ್ಪು ಬಿಳುಪಿನ ಪ್ಯಾನ್‌ಕ್ರೊಮ್ಯಾಟಿಕ್ ಬ್ಯಾಂಡ್‌ನಲ್ಲಿ 15 ಮೀಟರ್. ಅದರ ಬಣ್ಣವನ್ನು ಇದರ ವಿವರದೊಂದಿಗೆ ಬೆಸೆಯುವುದೇ ಪ್ಯಾನ್‌ಶಾರ್ಪನಿಂಗ್. ಜಲಾಶಯ, ಸೇತುವೆ, ನೀರಾವರಿ ಹೊಲಗಳು ಇರುವ ಒಂದೇ ತುಣುಕಿನ ಮೇಲೆ ಬ್ರೋವಿ, ಐಎಚ್‌ಎಸ್, ಗ್ರಾಮ್-ಶ್ಮಿಟ್, ವೇವ್‌ಲೆಟ್ ಎಂಬ ನಾಲ್ಕು ವಿಧಾನಗಳನ್ನು ಪ್ರಯೋಗಿಸಿದೆ.

ವೇಗದಲ್ಲಿ ಬ್ರೋವಿಯನ್ನು ಮೀರಿಸುವಂಥದ್ದಿಲ್ಲ. ಜಿಡಾಲ್ ಎಂಬ ತಂತ್ರಾಂಶದಲ್ಲಿ ಒಂದೇ ಆಜ್ಞೆ ಸಾಕು, ರಸ್ತೆಗಳು ಗೆರೆ ಎಳೆದಂತೆ ಎದ್ದು ಬರುತ್ತವೆ. ಆದರೆ ಆ ಚಿತ್ರದಿಂದ ಸಸ್ಯ ಸೂಚ್ಯಂಕ ಎನ್‌ಡಿವಿಐ ತೆಗೆದರೆ ಹೊಲದ ಅಂಚುಗಳು ಮೊದಲಿನಷ್ಟೇ ಮಬ್ಬು! ಒಂದು ಪಿಕ್ಸೆಲ್‌ನ ಎಲ್ಲ ಬ್ಯಾಂಡ್‌ಗಳನ್ನೂ ಬ್ರೋವಿ ಒಂದೇ ಸಂಖ್ಯೆಯಿಂದ ಗುಣಿಸುತ್ತದೆ. ಎನ್‌ಡಿವಿಐ ನಿಂತಿರುವುದು ಕೆಂಪು ಮತ್ತು ಅವಕೆಂಪು ಬ್ಯಾಂಡ್‌ಗಳ ಅನುಪಾತದ ಮೇಲೆ; ಅದು ಅಲುಗಾಡುವುದೇ ಇಲ್ಲ. ಕಣ್ಣಿಗೆ ಚೂಪು, ಲೆಕ್ಕಕ್ಕೆ ಅಷ್ಟಕ್ಕಷ್ಟೆ.

ಬಣ್ಣದಿಂದ ಹೊಳಪನ್ನು ಬೇರ್ಪಡಿಸಿ ಅದರ ಜಾಗದಲ್ಲಿ ಪ್ಯಾನ್ ಬ್ಯಾಂಡ್ ಇಡುವ ಐಎಚ್‌ಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರೇ ಬ್ಯಾಂಡ್‌ಗಳ ಮಿತಿ, ಜೊತೆಗೆ ಬಣ್ಣಗೇಡು. ಲ್ಯಾಂಡ್‌ಸ್ಯಾಟ್ 7ರ ಚಿತ್ರಕ್ಕಂತೂ ಬೇಡವೇ ಬೇಡ: ಅದರ ಪ್ಯಾನ್ ಬ್ಯಾಂಡ್ 0.90 ಮೈಕ್ರೋಮೀಟರ್‌ವರೆಗೆ, ಅಂದರೆ ಅವಕೆಂಪಿನವರೆಗೂ ಚಾಚಿರುವುದರಿಂದ, ಅವಕೆಂಪನ್ನು ಜೋರಾಗಿ ಪ್ರತಿಫಲಿಸುವ ಹಸಿರು ಬೆಳೆಯೆಲ್ಲ ಬಿಳಿಚಿಕೊಳ್ಳುತ್ತದೆ.

ಕೊಡಾಕ್ ಸಂಸ್ಥೆ 2000ರಲ್ಲಿ ಪೇಟೆಂಟ್ ಪಡೆದ ಗ್ರಾಮ್-ಶ್ಮಿಟ್ ನನಗೆ ಹೆಚ್ಚು ಹಿಡಿಸಿತು. ಎಷ್ಟು ಬ್ಯಾಂಡ್‌ಗಳಿದ್ದರೂ ಸೈ, ಮಣ್ಣು ಮಣ್ಣಿನ ಬಣ್ಣದಲ್ಲೇ ಉಳಿಯುತ್ತದೆ. ಒಂದು ಕಿರಿಕಿರಿ ಮಾತ್ರ ಇದೆ. ಅದು ಇಡೀ ಚಿತ್ರದ ಅಂಕಿಅಂಶಗಳನ್ನು ನೆಚ್ಚಿಕೊಳ್ಳುವುದರಿಂದ, ಮೂಲೆಯಲ್ಲಿದ್ದ ಮೋಡವನ್ನು ಕತ್ತರಿಸಿ ತೆಗೆದು ಮತ್ತೆ ಓಡಿಸಿದಾಗ ಅದೇ ಹೊಲ ಬೇರೆ ಛಾಯೆ ತಳೆಯಿತು. ಅಕ್ಕಪಕ್ಕದ ತುಣುಕುಗಳನ್ನು ಬಿಡಿಬಿಡಿಯಾಗಿ ಸಂಸ್ಕರಿಸಿ ಜೋಡಿಸುವವರಿಗೆ ಇದು ತಲೆನೋವು.

ವೇವ್‌ಲೆಟ್ ವಿಧಾನ ಪ್ಯಾನ್ ಚಿತ್ರದ ಸೂಕ್ಷ್ಮ ವಿವರವನ್ನಷ್ಟೇ ಎತ್ತಿ ಬಣ್ಣಕ್ಕೆ ಸೇರಿಸುತ್ತದೆ. ನೀರಿನ ಬಣ್ಣ ಚೆನ್ನಾಗಿ ಉಳಿದದ್ದು ಇದರಲ್ಲೇ. ಆದರೆ ಸೇತುವೆಯನ್ನು ಹಿಗ್ಗಿಸಿ ನೋಡಿದರೆ ಎರಡೂ ಬದಿಗೆ ಇಲ್ಲದ ಕಪ್ಪು ಅಂಚು. ಎರಡು ಚಿತ್ರಗಳು ತುಸು ಸರಿದು ಕೂತರೂ ಇದರಲ್ಲಿ ಅಂಚುಗಳು ಜೋಡಿಯಾಗಿ ಕಾಣುತ್ತವೆ.

ಕಣ್ಣನ್ನಷ್ಟೇ ನಂಬಲಾಗದ್ದರಿಂದ ವಾಲ್ಡ್ ಕ್ರಮದಲ್ಲೂ ಪರೀಕ್ಷಿಸಿದೆ: ಎರಡೂ ಚಿತ್ರಗಳನ್ನು ಒರಟಾಗಿಸಿ, ಅಂದರೆ 60 ಮತ್ತು 30 ಮೀಟರ್‌ಗೆ ಇಳಿಸಿ ಬೆಸೆದು, ಫಲಿತವನ್ನು ಮೂಲ 30 ಮೀಟರ್ ಚಿತ್ರದ ಪಕ್ಕ ಇಡುವುದು. ಅಲ್ಲಿ ವೇವ್‌ಲೆಟ್ ಮುಂದೆ, ಗ್ರಾಮ್-ಶ್ಮಿಟ್ ಅದರ ಬೆನ್ನಿಗೆ, ಐಎಚ್‌ಎಸ್ ಕೊನೆಗೆ.

ನಕ್ಷೆಯ ಹಿನ್ನೆಲೆಗಾದರೆ ನಾನು ಈಗಲೂ ಬ್ರೋವಿಯನ್ನೇ ಬಳಸುತ್ತೇನೆ, ಭೂಬಳಕೆಯ ವರ್ಗೀಕರಣಕ್ಕೆ ಗ್ರಾಮ್-ಶ್ಮಿಟ್. ಎನ್‌ಡಿವಿಐ ಬೇಕಾದವರು ಈ ಸರ್ಕಸ್ ಬಿಟ್ಟು, ಕೆಂಪು ಮತ್ತು ಸಮೀಪದ ಅವಕೆಂಪು ಬ್ಯಾಂಡ್‌ಗಳನ್ನು ನೇರವಾಗಿ 10 ಮೀಟರ್‌ನಲ್ಲೇ ಕೊಡುವ ಸೆಂಟಿನೆಲ್-2 ಚಿತ್ರಗಳನ್ನು ಇಳಿಸಿಕೊಳ್ಳುವುದು ಮೇಲು.