ಎರಡು ದಿನದ ಮುಂಬೈ: ದರ್ಶನದ ಬಸ್ಸಿಗೆ ಒಂದೂವರೆ ಸ್ಟಾರ್, ದೋಣಿಗೆ ನಾಲ್ಕೂವರೆ

ಮೊದಲೇ ಹೇಳಿಬಿಡುತ್ತೇನೆ. ಮುಂಬೈಗೆ ಮೊದಲ ಸಲ ಹೊರಟಿದ್ದೀರಿ, ಕೈಯಲ್ಲಿ ಇರುವುದು ಎರಡೇ ದಿನ ಅಂದರೆ 'ಮುಂಬೈ ದರ್ಶನ' ಅಂತ ಬೋರ್ಡ್ ಹಾಕಿಕೊಂಡ ಬಸ್ ಹತ್ತಬೇಡಿ. ನಾವು ಹತ್ತಿದೆವು, ಒಂದು ದಿನ ಹಾಳಾಯಿತು. ಎರಡನೇ ದಿನ ಲೋಕಲ್ ರೈಲು, ದೋಣಿ, ಆಮೇಲೆ ನಮ್ಮದೇ ಕಾಲು. ಅದರ ಖರ್ಚು ಬಸ್ಸಿನ ಖರ್ಚಿಗಿಂತ ಕಡಿಮೆ ಬಂತು, ಊರು ಮಾತ್ರ ಜಾಸ್ತಿ ಕಂಡಿತು.

ನಾವು ಅಂದರೆ ನಾನು ಮತ್ತು ನಮ್ಮ ಚಿಕ್ಕಪ್ಪ. ದಾವಣಗೆರೆಯಲ್ಲಿ ಅವರದು ಮಂಡಕ್ಕಿ ಹುರಿಯುವ ಭಟ್ಟಿ. ವಯಸ್ಸು ಅರವತ್ತೊಂದು, ಇವತ್ತಿನವರೆಗೂ ಸಮುದ್ರ ನೋಡಿದವರಲ್ಲ. ಅವರ ಲೆಕ್ಕದಲ್ಲಿ ದೊಡ್ಡ ನೀರು ಅಂದರೆ ಸೂಳೆಕೆರೆ, ಮಿಕ್ಕಿದ್ದೆಲ್ಲ ಕುಂದುವಾಡ ಕೆರೆಯ ಹಾಗೆ ವಾಕಿಂಗ್‌ಗೆ. ಥಾಣೆಯಲ್ಲಿ ಸಂಬಂಧಿಕರ ಮದುವೆ ಗುರುವಾರ ಮುಗಿಯಿತು. ಶನಿವಾರ ರಾತ್ರಿ ದಾದರಿಂದ ವಾಪಸ್ ರೈಲು. ನಡುವೆ ಎರಡು ದಿನ ಖಾಲಿ. ಲಾಡ್ಜಿನ ಕೌಂಟರಿನಲ್ಲಿದ್ದ ಹುಡುಗ ದರ್ಶನದ ಟಿಕೆಟ್ ಹರಿದು ಕೊಟ್ಟ, ಇಬ್ಬರಿಗೂ ಸೇರಿ ಸಾವಿರದ ಇನ್ನೂರು. ಏಸಿ ಬಸ್, ಇಪ್ಪತ್ತೈದು ಜಾಗ, ಗೈಡ್ ಇರುತ್ತಾರೆ ಅಂತೆಲ್ಲ ಚೀಟಿಯಲ್ಲಿ ಅಚ್ಚಾಗಿತ್ತು.

ಏಸಿ ಇತ್ತು, ಸುಳ್ಳು ಹೇಳಬಾರದು. ಬಸ್ ನಿಂತಾಗ ಅದೂ ನಿಲ್ಲುತ್ತಿತ್ತು, ಮತ್ತು ಆ ಊರಿನ ಟ್ರಾಫಿಕ್‌ನಲ್ಲಿ ಬಸ್ ನಿಂತೇ ಇರುತ್ತದೆ. ಇಪ್ಪತ್ತೈದು ಜಾಗಗಳಲ್ಲಿ ಹದಿನೈದನ್ನು ಕಿಟಕಿಯಿಂದಲೇ ತೋರಿಸಿದರು. ಎಡಕ್ಕೆ ಮ್ಯೂಸಿಯಂ, ಬಲಕ್ಕೆ ಹೈಕೋರ್ಟ್, ಅಗೋ ಅದು ಸ್ಟೇಡಿಯಂ. ಗೈಡ್ ಮೈಕು ಬಾಯಿಗೆ ಇಟ್ಟುಕೊಂಡು ಹಿಂದಿಯಲ್ಲಿ ಎಷ್ಟು ಜೋರಾಗಿ ಓಡಿದನೆಂದರೆ, ಎಡಕ್ಕೆ ಅಂದಾಗ ನಾವು ಎಡಕ್ಕೆ ತಿರುಗುವಷ್ಟರಲ್ಲಿ ಅದು ಹಿಂದೆ ಹೋಗಿ ಅಲ್ಲೊಂದು ಪೆಟ್ರೋಲ್ ಬಂಕ್ ನಿಂತಿರುತ್ತಿತ್ತು. ಇಳಿದ ಕಡೆ ಪ್ರವೇಶದ ಟಿಕೆಟ್ ನಮ್ಮದೇ. ಅದನ್ನು ಚೀಟಿಯ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದರು.

ಗೇಟ್‌ವೇ ಆಫ್ ಇಂಡಿಯಾಕ್ಕೆ ಇಪ್ಪತ್ತು ನಿಮಿಷ. ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್‌ಗೆ ಹದಿನೈದು. ಎದುರಿನ ಪಾರ್ಕಿನಲ್ಲಿ ಬೂಟಿನ ಆಕಾರದ ಮನೆಗೆ ಹತ್ತು. ಆ ಹ್ಯಾಂಗಿಂಗ್ ಗಾರ್ಡನ್ ಇರುವುದು ಊರಿಗೆ ನೀರು ಕೊಡುವ ದೊಡ್ಡ ತೊಟ್ಟಿಯ ಮೇಲೆ, ನಾವು ಹುಲ್ಲಿನ ಮೇಲೆ ನಿಂತಿದ್ದಾಗ ಕಾಲ ಕೆಳಗೇ ನೀರಿತ್ತು. ಇಂಥದ್ದನ್ನು ಗೈಡ್ ಹೇಳಬೇಕು ಅಲ್ವಾ? ಅವನು ಹೇಳಿದ್ದು ಇಲ್ಲಿ ಯಾವ ಸಿನಿಮಾದ ಹಾಡು ತೆಗೆದರು ಅಂತ. ಮಧ್ಯಾಹ್ನ ಊಟ ಮುಗಿದ ಮೇಲೆ ಬಸ್ಸನ್ನು ಒಂದು 'ಎಕ್ಸಿಬಿಷನ್' ಮುಂದೆ ನಿಲ್ಲಿಸಿದರು. ಒಳಗೆ ಬೆಡ್‌ಶೀಟು, ಚೂಡಿದಾರ್ ಪೀಸು, ಗೋಡಂಬಿ. ಒಂದು ತಾಸು ಬಾಗಿಲು ಬಿಟ್ಟು ಕದಲುವ ಹಾಗಿಲ್ಲ.

ಚಿಕ್ಕಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತು, "ಗೇಟ್‌ವೇ ನೋಡಾಕೆ ಇಪ್ಪತ್ತು ನಿಮಿಷ, ದುಪ್ಪಡಿ ನೋಡಾಕೆ ಒಂದು ತಾಸು. ಇದು ಮುಂಬೈ ದರ್ಶನ ಅಲ್ಲಲೇ, ಬೆಡ್‌ಶೀಟ್ ದರ್ಶನ" ಅಂದರು.

ಒಂದೂವರೆ ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಒಂದು ಸ್ಟಾರ್ ಬಾಂದ್ರಾ ವರ್ಲಿ ಸೀ ಲಿಂಕ್‌ಗೆ. 2009ರಲ್ಲಿ ತೆರೆದ ಸೇತುವೆ, ಐದೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ, ಅದರ ಮೇಲೆ ಬೈಕು ಬಿಡುವುದಿಲ್ಲ, ನಡೆಯುವ ಹಾಗೂ ಇಲ್ಲ. ಹಾಗಾಗಿ ಬಸ್ಸಿನಲ್ಲಿ ಹೋದದ್ದಕ್ಕೆ ಅಲ್ಲಿ ಮಾತ್ರ ಅರ್ಥ ಇತ್ತು. ಉಳಿದ ಅರ್ಧ ಡ್ರೈವರಣ್ಣನಿಗೆ. ಇಡೀ ದಿನ ಒಂದು ಸಲವೂ ಬೈಯದೆ ಓಡಿಸಿದ.

ಸಂಜೆ ಜುಹು ಬೀಚಿನಲ್ಲಿ ಇಳಿಸಿದರು. ಚಿಕ್ಕಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗೆ ಕಾಲು ಕೊಟ್ಟರು, ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಸಮುದ್ರದ ಬಗ್ಗೆ ಅವರ ರಿವ್ಯೂ ಅಷ್ಟೇ. ಭೇಲ್‌ಪುರಿ ಬಗ್ಗೆ ಮಾತ್ರ ಅರ್ಧ ಗಂಟೆ ಮಾತಾಡಿದರು.

ಭೇಲ್ ಅಂದರೆ ಮೂಲದಲ್ಲಿ ಮಂಡಕ್ಕಿಯೇ ತಾನೇ. ಅಲ್ಲಿ ಅದಕ್ಕೆ ಕುರ್ಮುರಾ ಅನ್ನುತ್ತಾರೆ. ಸೇವು, ಈರುಳ್ಳಿ, ಮಾವಿನಕಾಯಿ, ಹುಣಸೆ ಚಟ್ನಿ, ಹಸಿರು ಚಟ್ನಿ ಹಾಕಿ ಕಲಸಿ ಕೊಡುತ್ತಾರೆ. ನಮ್ಮ ಖಾರ ಮಂಡಕ್ಕಿಗೆ ಎಣ್ಣೆ, ಬೆಳ್ಳುಳ್ಳಿ, ಖಾರ, ಪುಟಾಣಿ ಹಿಟ್ಟು, ಪಕ್ಕದಲ್ಲಿ ಬಿಸಿ ಮಿರ್ಚಿ. ಚಿಕ್ಕಪ್ಪ ಮೊದಲು ಬರೀ ಮಂಡಕ್ಕಿ ನಾಲ್ಕು ಕಾಳು ಕೇಳಿ ಇಸಕೊಂಡು ಹಲ್ಲಿನಲ್ಲಿ ಕಚ್ಚಿದರು. ಮೆತ್ತಗಾಗಿದೆ ಅಂದರು. ನಾನು ಅಂಗಡಿಯವನನ್ನು ಬೈಯುತ್ತಾರೆ ಅಂದುಕೊಂಡೆ. ಇಲ್ಲ. "ಅವನದೇನೂ ತಪ್ಪಿಲ್ಲ, ಗಾಳ್ಯಾಗೆ ನೀರು ಐತೆ. ಇಂಥ ಊರಾಗೆ ನಮ್ಮ ನರ್ಗಿಸ್ ಮಂಡಕ್ಕಿ ಬಿಚ್ಚಿಟ್ಟರೆ ಕಾಲು ಗಂಟೆ ತಡೆಯಂಗಿಲ್ಲ" ಅಂದರು. ಅದಕ್ಕೇ ಇವರು ಗಿರಾಕಿ ಬಂದು ನಿಂತ ಮೇಲೆ ಕಲಸುತ್ತಾರೆ, ಅದಕ್ಕೇ ಸೇವು ಅಷ್ಟು ಸುರಿಯುತ್ತಾರೆ, ಕುರುಕಲು ಅದರಿಂದ ಬರಬೇಕಲ್ಲ ಅಂತ ಅವರ ವಾದ. ಫೆಬ್ರವರಿಯಲ್ಲೇ ಹೀಗೆ. ಮಳೆಗಾಲದಲ್ಲಿ ಏನು ಗತಿಯೋ. ಪ್ಲೇಟು ಖಾಲಿ ಮಾಡಿ ಇನ್ನೊಂದು ತೆಗೆದುಕೊಂಡರು, ಅದನ್ನೂ ದಾಖಲಿಸಬೇಕು.

ಬಾಂದ್ರಾ ಕಡೆ ಬೆಣ್ಣೆ ದೋಸೆ ಈಗ ಜೋರು, ಬೆಂಗಳೂರು ಸ್ಟೈಲ್ ಅಂತ ಸರತಿ ನಿಂತು ತಿನ್ನುತ್ತಾರೆ, ಹೋಗೋಣವಾ ಅಂತ ಕೇಳಿದೆ. "ದಾವಣಗೆರೆಯಿಂದ ಮುಂಬೈಗೆ ಬಂದು ಬೆಂಗಳೂರು ಬೆಣ್ಣೆ ದೋಸೆ ತಿನ್ನಾಕೆ ನನಗೇನು ತಲಿ ಕೆಟ್ಟೈತೇನಲೇ?" ಆ ವಿಷಯ ಅಲ್ಲಿಗೆ ಮುಗಿಯಿತು.

ಶನಿವಾರ ಬೆಳಗ್ಗೆ ದಾದರಿಂದ ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಲೋಕಲ್. ಟಿಕೆಟ್ 5 ರೂಪಾಯಿ. ಹೌದು, ಐದೇ. ದಾವಣಗೆರೆಯಲ್ಲಿ ಆಟೋದವನ ಹತ್ತಿರ ಐದು ರೂಪಾಯಿಗೆ ಮಾತು ಶುರು ಮಾಡಲೂ ಆಗುವುದಿಲ್ಲ. ಆಫೀಸಿನ ಹೊತ್ತು ಕಳೆದ ಮೇಲೆ, ಒಂಬತ್ತೂವರೆ ದಾಟಿದ ಮೇಲೆ ಹತ್ತೋಣ ಅಂತ ಗಟ್ಟಿ ಮನಸ್ಸು ಮಾಡಿ ಕಾದಿದ್ದೆವು, ಆದರೂ ಬಾಗಿಲ ಹತ್ತಿರ ಚಿಕ್ಕಪ್ಪನ ಒಂದು ಕಾಲು ಮಾತ್ರ ನೆಲ ಮುಟ್ಟಿತ್ತು. ಬೋರ್ಡಿನಲ್ಲಿ ಎಫ್ ಅಂದರೆ ಫಾಸ್ಟ್, ಎಸ್ ಅಂದರೆ ಸ್ಲೋ. ಇಳಿಯುವ ಸ್ಟೇಷನ್ನು ಯಾವ ಕಡೆಗೆ ಬರುತ್ತದೆ ಅಂತ ಪಕ್ಕದವರನ್ನು ಮೊದಲೇ ಕೇಳಿಕೊಳ್ಳಿ, ಎಲ್ಲರೂ ಹೇಳುತ್ತಾರೆ. ಸಿಎಸ್‌ಎಂಟಿ ಕೊನೆ ಸ್ಟೇಷನ್, ಅಲ್ಲಿ ಆ ತಾಪತ್ರಯ ಇಲ್ಲ. ಅಲ್ಲಿಂದ ಗೇಟ್‌ವೇ ಕಡೆಗೆ ಬೆಸ್ಟ್ ಬಸ್, ಅಂದರೆ ಅಲ್ಲಿನ ಸಿಟಿ ಬಸ್ ಇದೆ, ಈಗ ಕನಿಷ್ಠ ದರ 10 ರೂಪಾಯಿ, ಏಸಿಗೆ 12.

ಅದೇ ಗೇಟ್‌ವೇ, ಆದರೆ ಈ ಸಲ ಯಾರೂ ಸೀಟಿ ಊದಲಿಲ್ಲ. ಐದನೇ ಜಾರ್ಜ್ ದೊರೆ ಬಂದ ನೆನಪಿಗೆ ಅಂತ ಕಟ್ಟಿಸಿದ್ದು. ತಮಾಷೆ ಏನೆಂದರೆ ಅವನು ಬಂದಿದ್ದು 1911ರಲ್ಲಿ, ಅಡಿಗಲ್ಲು ಬಿದ್ದಿದ್ದು 1913ರಲ್ಲಿ, ಕಟ್ಟಡ ಮುಗಿದಿದ್ದು 1924ರಲ್ಲಿ. ದೊರೆ ಇಳಿದಾಗ ಕಲ್ಲಿನ ಕಮಾನೇ ಇರಲಿಲ್ಲ. 1948ರಲ್ಲಿ ಬ್ರಿಟಿಷರ ಕೊನೆಯ ಪಡೆ ದೇಶ ಬಿಟ್ಟು ಹೋಗಿದ್ದು ಇದೇ ಕಮಾನಿನ ಕೆಳಗೆ. ಇದನ್ನು ಓದಿ ಹೇಳಿದಾಗ ಚಿಕ್ಕಪ್ಪ, "ಬರೋನಿಗೆ ಅಂತ ಕಟ್ಟಿದ್ದು ಹೋಗೋರಿಗೆ ಉಪಯೋಗಕ್ಕೆ ಬಂತು ನೋಡು" ಅಂದರು.

ಎಲಿಫೆಂಟಾ ದೋಣಿ ಹೊರಡುವುದು ಅಲ್ಲಿಂದಲೇ. ಹೋಗಿ ಬರುವ ಟಿಕೆಟ್ ಒಬ್ಬರಿಗೆ ಇನ್ನೂರೈವತ್ತು ರೂಪಾಯಿ ಆಸುಪಾಸು, ಮೇಲಿನ ಅಟ್ಟದಲ್ಲಿ ಕೂರಲು ಹತ್ತು ರೂಪಾಯಿ ಬೇರೆ. ಕೊಡಿ, ಯೋಚಿಸಬೇಡಿ. ಲೈಫ್ ಜಾಕೆಟ್ ಕಟ್ಟಿಕೊಳ್ಳಲೇಬೇಕು. 2024ರ ಡಿಸೆಂಬರಿನಲ್ಲಿ ನೌಕಾಪಡೆಯ ಬೋಟೊಂದು ಇದೇ ದಾರಿಯ ದೋಣಿಗೆ ಗುದ್ದಿ ಹಲವರು ತೀರಿಕೊಂಡರು, ಅದರ ನಂತರ ಬಿಗಿ ಮಾಡಿದ್ದಾರೆ. ಕೆಲವರು ಸೆಲ್ಫಿಗೆ ಚೆನ್ನಾಗಿ ಕಾಣಲ್ಲ ಅಂತ ಬಿಚ್ಚಿ ಕೂತಿದ್ದರು. ಚಿಕ್ಕಪ್ಪ ಮಾತ್ರ ಮೂರೂ ಬಕಲ್ ಹಾಕಿ, ಮೇಲೆ ಟವೆಲ್ ಹೊದ್ದು, ಕಂಬ ಹಿಡಿದು ಒಂದು ಗಂಟೆ ಅಲುಗಾಡಲಿಲ್ಲ. ಹಿಂದೆ ತಾಜ್ ಹೋಟೆಲಿನ ಗುಮ್ಮಟ ಸಣ್ಣದಾಗುತ್ತಾ ಹೋಯಿತು. ಅಕ್ಕಪಕ್ಕ ಲಂಗರು ಹಾಕಿದ ಹಡಗುಗಳು, ಒಂದೊಂದೂ ನಮ್ಮ ಎಪಿಎಂಸಿ ಗೋದಾಮಿನಷ್ಟು ದೊಡ್ಡವು. ದೋಣಿಯ ಹಿಂದೆ ಬಿಳಿ ಹಕ್ಕಿಗಳ ಹಿಂಡು. ಬಸ್ಸಿನಲ್ಲಿ ಎಂಟು ತಾಸು ಕೂತು ಕಾಣದ ಮುಂಬೈ, ನೀರಿನ ಮೇಲಿಂದ ಒಂದೇ ಸಲ ಪೂರ್ತಿ ಕಂಡಿತು.

ದೋಣಿ ನಿಲ್ಲುವ ಧಕ್ಕೆಯಿಂದ ಸಣ್ಣ ರೈಲು ಇದೆ, ನಡೆದೂ ಹೋಗಬಹುದು. ಆಮೇಲೆ ನೂರಿಪ್ಪತ್ತು ಮೆಟ್ಟಿಲು, ಎರಡೂ ಕಡೆ ಅಂಗಡಿ, ತಲೆ ಮೇಲೆ ಟಾರ್ಪಾಲಿನ ನೆರಳು. ಗುಹೆಗೆ ಪ್ರವೇಶ 40 ರೂಪಾಯಿ. ಒಳಗೆ ಕಾಲಿಟ್ಟ ಕೂಡಲೇ ತಂಪು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಏನೂ ಕಾಣುವುದಿಲ್ಲ, ಆಮೇಲೆ ಎದುರಿಗೆ ಮೂರು ಮುಖದ ಶಿವ, ಹೆಚ್ಚುಕಡಿಮೆ ಇಪ್ಪತ್ತು ಅಡಿ ಎತ್ತರ. ಫೋಟೋದಲ್ಲಿ ಎಷ್ಟೋ ಸಲ ನೋಡಿದ್ದೆ. ಅದರ ಗಾತ್ರ ಫೋಟೋದಲ್ಲಿ ಬಂದಿರಲಿಲ್ಲ. ಪಕ್ಕದ ಅರ್ಧನಾರೀಶ್ವರನ ಮುಂದೆ ಚಿಕ್ಕಪ್ಪ ಸುಮ್ನೆ ನಿಂತುಬಿಟ್ಟರು. ಹರಿಹರದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರನನ್ನು ಚಿಕ್ಕಂದಿನಿಂದ ನೋಡಿದವರಿಗೆ ಈ ಅರ್ಧ ಪಾರ್ವತಿ ಗುರುತು ಸಿಗಲು ಯಾರ ವಿವರಣೆಯೂ ಬೇಕಾಗಲಿಲ್ಲ.

ಈ ದ್ವೀಪದ ಊರಿನ ಹೆಸರು ಘಾರಾಪುರಿ. ಇಮ್ಮಡಿ ಪುಲಿಕೇಶಿ ಹಡಗುಗಳ ಜೊತೆ ಬಂದು ಪಶ್ಚಿಮ ಸಮುದ್ರದ 'ಪುರಿ'ಯನ್ನು ಮುತ್ತಿದ ಅಂತ 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬರೆದಿದ್ದಾನೆ, ಆ ಪುರಿ ಇದೇ ಅನ್ನುವ ಇತಿಹಾಸಕಾರರಿದ್ದಾರೆ. ಅಂದರೆ ನಮ್ಮ ಕಡೆಯವರು ಇಲ್ಲಿಗೆ ದೋಣಿಯಲ್ಲಿ ಬಂದಿದ್ದು ನಾವೇ ಮೊದಲೇನಲ್ಲ. ಇನ್ನು ಎಲಿಫೆಂಟಾ ಅಂತ ಹೆಸರಿಟ್ಟವರು ಪೋರ್ಚುಗೀಸರು, ಇಲ್ಲಿದ್ದ ಕಲ್ಲಿನ ಆನೆ ನೋಡಿ. ಆ ಆನೆ ಈಗ ಇಲ್ಲಿಲ್ಲ, ಮುಂಬೈಯ ಭಾಯಖಳಾದ (ಬೈಕುಲ್ಲಾ) ಜೀಜಾಮಾತಾ ಉದ್ಯಾನದಲ್ಲಿದೆ.

ಅರ್ಧ ಸ್ಟಾರ್ ಕಡಿತ ಕೋತಿಗಳಿಂದ. ಊರಿಂದ ಕಟ್ಟಿಕೊಂಡು ಬಂದಿದ್ದ ಖಾರ ಮಂಡಕ್ಕಿಯ ಕೊನೆಯ ಪೊಟ್ಟಣವನ್ನು ಚಿಕ್ಕಪ್ಪ ಮೆಟ್ಟಿಲ ಹತ್ತಿರ ಬಿಚ್ಚಿದರು. ಒಂದು ಕೋತಿ ಕಸಿದುಕೊಂಡು ಛಾವಣಿ ಏರಿತು. ತಿಂದು, ಖಾರ ಹತ್ತಿ, ನಮ್ಮನ್ನೇ ಗುರಾಯಿಸಿತು. ಚಿಕ್ಕಪ್ಪನಿಗೆ ಸಿಟ್ಟಿನ ಜೊತೆ ಸ್ವಲ್ಪ ಹೆಮ್ಮೆಯೂ ಆದ ಹಾಗೆ ಕಂಡಿತು.

ಮಧ್ಯಾಹ್ನ ವಾಪಸ್. ಸಿಎಸ್‌ಎಂಟಿ ಎದುರು ಅರ್ಧ ಗಂಟೆ ಸುಮ್ನೆ ಮೇಲೆ ನೋಡುತ್ತಾ ನಿಂತೆವು. 1888ರಲ್ಲಿ ಮುಗಿದ ಕಟ್ಟಡ, ಕಲ್ಲಿನಲ್ಲೇ ನವಿಲು, ಮಂಗ, ಎಲೆ, ಬಳ್ಳಿ. ಇದಕ್ಕೆ ಟಿಕೆಟ್ ಇಲ್ಲ, ಬಸ್ಸಿನವರು ನಿಲ್ಲಿಸಲೂ ಇಲ್ಲ.

ಸಂಜೆ ಸ್ಲೋ ಲೋಕಲ್ ಹತ್ತಿ ಮಾಟುಂಗಾ. ಸ್ಟೇಷನ್ ಹತ್ತಿರವೇ ಮಹಡಿ ಮೇಲೆ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್, 1942ರಿಂದ ನಡೆಯುತ್ತಿದೆ. ಬಾಳೆಎಲೆ ಊಟ. ಎರಡು ದಿನದಲ್ಲಿ ಮೊದಲ ಸಲ ಸಾರಿಗೆ ಸಾರಿನ ರುಚಿ ಇತ್ತು. ಪಕ್ಕದ ಎಲೆಯವರು ನಮ್ಮ ಮಾತು ಕೇಳಿ, "ಯಾವ ಊರು ನಿಮ್ಮದು?" ಅಂತ ಕನ್ನಡದಲ್ಲೇ ಕೇಳಿದರು. ದಾವಣಗೆರೆ ಅಂದೆವು. ಬೆಣ್ಣೆ ದೋಸೆ ಅಂದರು. ಎಲ್ಲರೂ ಅದನ್ನೇ ಅನ್ನುವುದು. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಕನ್ನಡ ಕೇಳಿಸಿದರೆ ಆಶ್ಚರ್ಯ ಪಡಬೇಕಿಲ್ಲ ಅಂತ ಅವರೇ ಹೇಳಿದರು. ಊಟಕ್ಕೆ ಐದಕ್ಕೆ ಐದು. ಜೋಳದ ರೊಟ್ಟಿ ಇಲ್ಲ ಅಂತ ಚಿಕ್ಕಪ್ಪ ಗೊಣಗಿದರು, ಆದರೆ ಉಡುಪಿಯವರ ಹತ್ತಿರ ರೊಟ್ಟಿ ಕೇಳುವುದು ನ್ಯಾಯ ಅಲ್ಲ.

ಹೋಗುವವರು ಸೋಮವಾರ ಬಿಟ್ಟು ಇಟ್ಟುಕೊಳ್ಳಿ, ಅವತ್ತು ಎಲಿಫೆಂಟಾ ಗುಹೆ ಮುಚ್ಚಿರುತ್ತದೆ. ಜೋರು ಮಳೆಗಾಲದಲ್ಲಿ ದೋಣಿಯನ್ನು ನಂಬಿ ಹೋಗಬೇಡಿ.

ದಾದರಿನಲ್ಲಿ ರೈಲು ಹತ್ತುವ ಮೊದಲು ಚಿಕ್ಕಪ್ಪ ಕಾಲು ಕೆಜಿ ಕುರ್ಮುರಾ ಕೊಂಡು ಬ್ಯಾಗಿನ ತಳಕ್ಕೆ ಹಾಕಿಕೊಂಡಿದ್ದರು. ಊರಿಗೆ ಬಂದ ಮಾರನೇ ದಿನ ಭಟ್ಟಿಯ ಬಿಸಿ ಮರಳಿನಲ್ಲಿ ಒಂದು ಸುತ್ತು ಆಡಿಸಿ, ಜರಡಿ ಹಿಡಿದು, ಒಂದು ಕಾಳು ಬಾಯಿಗೆ ಹಾಕಿಕೊಂಡು ನನಗೆ ಫೋನ್ ಮಾಡಿದರು. ಗರಿಗರಿಯಾಗಿದೆಯಂತೆ.