ಮಳೆಯಲ್ಲಿ ತಡಿಯಂಡಮೋಳ್ ಹತ್ತಲು ಹೊರಟವರು ಇದನ್ನು ಓದಿಕೊಂಡು ಹೋಗಿ

ಈ ವಾರಾಂತ್ಯ ಮೈಸೂರಿನಿಂದ ಕೊಡಗಿನ ಕಡೆ ಚಾರಣಕ್ಕೆ ಹೊರಟವರು ತುಂಬಾ ಜನ ಇದ್ದೀರಿ ಅಂತ ಗೊತ್ತು. ದಯವಿಟ್ಟು ಹತ್ತು ನಿಮಿಷ ಇದಕ್ಕೆ ಕೊಡಿ. ಹೋದ ವರ್ಷ ದಸರಾ ಮುಗಿದು ಎರಡು ವಾರಕ್ಕೆ ನಾವು ತಡಿಯಂಡಮೋಳ್ ಬೆಟ್ಟಕ್ಕೆ ಹೋಗಿದ್ದೆವು. ಅಲ್ಲಿ ನನ್ನ ಸ್ನೇಹಿತ ಚಳಿಗೆ ಸಾಯುವ ಹಂತಕ್ಕೆ ಹೋಗಿ ವಾಪಸ್ ಬಂದ. ಚಳಿಗೆ ಅಂದರೆ ಬರೀ ಚಳಿಗೆ. ನಾವು ಮೈಸೂರು, ಮಂಡ್ಯದವರು ಆನೆಗೆ ಹೆದರುತ್ತೇವೆ, ಜಿಗಣೆಗೆ ಹೆದರುತ್ತೇವೆ, ಕಾಲು ಜಾರುತ್ತೆ ಅಂತ ಹೆದರುತ್ತೇವೆ. ಮಳೆಯಲ್ಲಿ ನೆಂದರೆ ಜಾಸ್ತಿ ಅಂದರೆ ನೆಗಡಿ ಬರುತ್ತೆ ಅಂತ ಮಾತ್ರ ಅಂದುಕೊಳ್ಳುತ್ತೇವೆ. ಅವತ್ತಿನವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ನಾವು ನಾಲ್ಕು ಜನ. ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರು. ಪಾಂಡವಪುರದ ಕುಂತಿಬೆಟ್ಟ, ಶ್ರೀರಂಗಪಟ್ಟಣದ ಕರಿಘಟ್ಟ ಎಷ್ಟೋ ಸಲ ಹತ್ತಿ ಇಳಿದಿದ್ದೇವೆ. ಕಾಲಿನಲ್ಲಿ ಶಕ್ತಿ ಇದೆ, ಇನ್ನೇನು ಬೇಕು ಅನ್ನುವ ಧೈರ್ಯ. ಆದರೆ ಚಾಮುಂಡಿ ಬೆಟ್ಟದಲ್ಲಿ ಮಳೆ ಬಂದರೆ ಮೇಲೆ ಬಿಸಿ ಟೀ ಸಿಗುತ್ತೆ, ಬಸ್ ಸಿಗುತ್ತೆ, ಮುಕ್ಕಾಲು ಗಂಟೆಯಲ್ಲಿ ಮನೆಗೆ ಬಂದು ಒಣ ಟವಲಿನಲ್ಲಿ ತಲೆ ಒರೆಸಿಕೊಳ್ಳಬಹುದು. ತಡಿಯಂಡಮೋಳ್‌ನಲ್ಲಿ ಬುಡದ ನಾಲ್ಕುನಾಡು ಅರಮನೆ, ಕಾಫಿ ತೋಟ ದಾಟಿ ಮೇಲೆ ಹೋದಮೇಲೆ ಒಂದು ಸೂರೂ ಇಲ್ಲ.

ಮೈಸೂರಿನಲ್ಲೇ ಚಾರಣ ಕರೆದುಕೊಂಡು ಹೋಗುವ ಒಂದು ತಂಡದ ಜೊತೆ ಹೋಗಿದ್ದು. ಹೆಸರು ಬೇಡ. ಬಸ್ಸು, ತಿಂಡಿ, ಊಟ, ಗೈಡ್ ಎಲ್ಲ ಸೇರಿ ತಲೆಗೆ 1,600 ರೂಪಾಯಿ. ಏನೇನು ತರಬೇಕು ಅಂತ ಒಂದು ಮೆಸೇಜ್ ಬಂತು, ಅದರಲ್ಲಿ ಕ್ಯಾಪ್, ನೀರಿನ ಬಾಟಲಿ, ಪವರ್ ಬ್ಯಾಂಕ್ ಇತ್ತು. ಬದಲಿ ಬಟ್ಟೆ ಬಸ್ಸಿನಲ್ಲೇ ಇಡಿ, ಭಾರ ಯಾಕೆ, ಅಂತಲೂ ಬರೆದಿದ್ದರು. ಆ ಒಂದು ಸಾಲು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮಳೆ ಬಂದರೆ ಅಂತ ಕೇಳಿದ್ದಕ್ಕೆ, ಸರ್, ಮಳೆ ಎಲ್ಲ ಮುಗೀತು, ಬಂದ್ರೂ ಮಜಾನೇ, ಅಂದರು.

ಮಳೆ ಮುಗಿದಿರಲಿಲ್ಲ. ನಮ್ಮ ತಾತ ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಗದ್ದೆ ಮಾಡುತ್ತಿದ್ದವರು, ಅವರ ಬಾಯಲ್ಲಿ ‘ಕುರುಡು ಚಿತ್ತೆ’ ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ. ಚಿತ್ತೆ ಮಳೆಗೆ ಕಣ್ಣಿಲ್ಲ, ಎಲ್ಲಿ ಸುರಿಯುತ್ತೆ ಯಾವಾಗ ಸುರಿಯುತ್ತೆ ಹೇಳೋಕಾಗಲ್ಲ. ಅಕ್ಟೋಬರ್ ಅರ್ಧ ಅಂದರೆ ಸರಿಯಾಗಿ ಚಿತ್ತೆ. ಜುಲೈ ಮಳೆ ದಿನವಿಡೀ ಜಿನುಗುತ್ತೆ, ಕಣ್ಣಿಗೆ ಕಾಣುತ್ತೆ, ನಾವೇ ಹುಷಾರಾಗಿರುತ್ತೇವೆ. ಹಿಂಗಾರು ಹಾಗಲ್ಲ. ಬೆಳಿಗ್ಗೆ ಚೊಕ್ಕ ಬಿಸಿಲು, ಮಧ್ಯಾಹ್ನ ಒಂದು ಗಂಟೆಯ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲಿನ ಜೊತೆ ಒಂದೇ ಸಲ ಸುರಿಯುತ್ತೆ. ಆದ್ದರಿಂದ ಈ ತಿಂಗಳಲ್ಲಿ ಬೆಟ್ಟಕ್ಕೆ ಹೋದರೆ ಹನ್ನೆರಡಕ್ಕೆ ತುದಿ ಬಿಟ್ಟು ಇಳಿಯುತ್ತಿರಬೇಕು. ಅವತ್ತು ನಮ್ಮದು ಎಲ್ಲ ತಡ. ಬಸ್ಸು ತಡ, ಹುಣಸೂರಿನಲ್ಲಿ ತಿಂಡಿಗೆ ಒಂದು ಗಂಟೆ, ನಾಲ್ಕುನಾಡು ಅರಮನೆ ಮುಂದೆ ಫೋಟೋಗೆ ಅರ್ಧ ಗಂಟೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ಆ ಅರಮನೆ ನೋಡುವಂಥದ್ದೇ, ಆದರೆ ಅದನ್ನು ಇಳಿದು ಬಂದಮೇಲೆ ನೋಡಬಹುದಿತ್ತು. ನಡೆಯಲು ಶುರು ಮಾಡಿದಾಗ 10:40. 22 ಜನಕ್ಕೆ ಒಬ್ಬನೇ ಗೈಡ್, ಇಪ್ಪತ್ತು ಇಪ್ಪತ್ತೆರಡರ ಹುಡುಗ.

ಕಾಫಿ ತೋಟ, ಹಳ್ಳ, ದೊಡ್ಡ ಬಂಡೆ, ಎಲ್ಲ ಚೆನ್ನಾಗಿತ್ತು. ಬಂಡೆ ಹತ್ತಿರ ಪಶ್ಚಿಮದ ಕಡೆ ಕಪ್ಪಾಗುತ್ತಿತ್ತು. ಆಗಲೇ ಒಂದು ಗಂಟೆ ಹತ್ತಿರ. ತಿರುಗೋಣವಾ ಅಂತ ನಾನು ಒಂದು ಸಲ ಕೇಳಿದೆ. ಇಷ್ಟು ದೂರ ಬಂದು ತುದಿ ನೋಡದೆ ಹೋಗೋದಾ ಅಂತ ಎಲ್ಲರೂ ಅಂದರು, ಗೈಡೂ ಅಂದ. ನಾನು ಸುಮ್ಮನಾದೆ. ಎರಡನೇ ಸಲ ಕೇಳಬೇಕಿತ್ತು.

ಕೊನೆಯ ಏರು ಶೋಲಾ, ಅಂದರೆ ಹುಲ್ಲುಗುಡ್ಡಗಳ ನಡುವಿನ ದಟ್ಟ ಕಾಡಿನೊಳಗೆ, ಬೇರು ಹಿಡಿದು ಹತ್ತುವ ದಾರಿ. ಕಾಡು ಮುಗಿದು ಹುಲ್ಲುಗಾವಲಿಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಮಳೆ ಬಂತು. ಮಳೆಗಿಂತ ಗಾಳಿ ಜಾಸ್ತಿ. ಹನಿ ಮೇಲಿಂದ ಬೀಳುತ್ತಿರಲಿಲ್ಲ, ಅಡ್ಡ ಬಂದು ಮುಖಕ್ಕೆ ಹೊಡೆಯುತ್ತಿತ್ತು. ತಂಡದವರು ಕೊಟ್ಟಿದ್ದ ತೆಳು ಪ್ಲಾಸ್ಟಿಕ್ ಪಾಂಚೋಗಳು ಐದು ನಿಮಿಷಕ್ಕೆ ಹರಿದು ಚಿಂದಿ. ಆಮೇಲೆ ಸಿಡಿಲು. ಬೋಳು ಹುಲ್ಲುಗುಡ್ಡದ ಮೇಲೆ ಇಪ್ಪತ್ತೆರಡು ಜನ, ಅಲ್ಲಿ ನಮಗಿಂತ ಎತ್ತರದ ವಸ್ತು ಇನ್ನೊಂದಿಲ್ಲ. ಮಿಂಚು ಕಂಡು ಗುಡುಗು ಕೇಳಲು ಸುಮಾರು ಮೂರು ಸೆಕೆಂಡ್ ಹಿಡಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ ಅಂತ ಲೆಕ್ಕ. ಎಣಿಕೆ 30ಕ್ಕಿಂತ ಕಡಿಮೆ ಇದ್ದರೇ ತಕ್ಷಣ ಇಳಿಯಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಬಯಲಿಗೆ ಬರಬಾರದು. ನಾನು ಎಣಿಸಿದಾಗ ನಾಲ್ಕಕ್ಕೇ ಗುಡುಗಿತು. ಆಗಲೂ ಕೆಲವರು ವಿಡಿಯೋ ತೆಗೆಯುತ್ತಿದ್ದರು.

ಎಲ್ಲರೂ ಕಾಡಿನ ಕಡೆ ಓಡಿದೆವು. ಮುಂದಿದ್ದ ಗುಂಪಿನ ಜೊತೆ ಗೈಡ್ ಇಳಿದುಬಿಟ್ಟ. ಹಿಂದೆ ಉಳಿದವರು ಏಳು ಜನ.

ನನ್ನ ಸ್ನೇಹಿತ ಸಣ್ಣ ಮೈಯವನು. ಜೀನ್ಸ್ ಪ್ಯಾಂಟು, ಹತ್ತಿಯ ಟೀ ಶರ್ಟು, ಮೇಲೆ ಹತ್ತಿಯ ದಪ್ಪ ಹೂಡಿ. ಅದೆಲ್ಲ ನೀರು ಕುಡಿದು ಕಲ್ಲಿನ ಭಾರ ಆಗಿತ್ತು. ಕಾಡಿನೊಳಗೆ ಬಂದಾಗ ಗದಗದ ನಡುಗುತ್ತಿದ್ದ, ನಾವೂ ನಡುಗುತ್ತಿದ್ದೆವು, ಹಾಗಾಗಿ ಏನೂ ಅನ್ನಿಸಲಿಲ್ಲ. ಆಮೇಲೆ ಮಾತು ಕಮ್ಮಿ ಆಯಿತು. ಸದಾ ಹರಟುವವನು, ಕೇಳಿದ್ದಕ್ಕೆ ಹ್ಞಾಂ ಅಂದರೆ ಹ್ಞಾಂ ಅಷ್ಟೇ. ಚಪ್ಪಟೆ ನೆಲದಲ್ಲಿ ಎಡವಿದ. ಬ್ಯಾಗಿನ ಜಿಪ್ ಹಾಕಲು ಹೋಗಿ ಬೆರಳು ಜಿಪ್ಪನ್ನು ಹಿಡಿಯಲೇ ಇಲ್ಲ. ನೀವು ಹೋಗ್ತಿರಿ, ನಾನು ಹತ್ತು ನಿಮಿಷ ಕೂತು ಬರ್ತೀನಿ ಅಂದ, ಅಂದವನ ನಾಲಿಗೆ ಕುಡಿದವರ ಹಾಗೆ ತೊದಲುತ್ತಿತ್ತು. ಸುಸ್ತಾಗಿದೆ, ಕೂರಲಿ ಬಿಡು ಅಂತ ನಾನೇ ಅಂದೆ. ಈ ಮಾತನ್ನು ಬರೆಯಲು ನನಗೆ ತುಂಬಾ ಕಷ್ಟ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಈ ಬರಹದಲ್ಲಿ ನಿಮಗೆ ಬೇಕಾಗಿರುವುದು ಇದೇ. ಹಾಗೆ ಕೂತವನನ್ನು ಬಿಟ್ಟು ಹೋದರೆ ಅವನು ಏಳುವುದಿಲ್ಲ.

ನಮ್ಮ ಪುಣ್ಯಕ್ಕೆ ಆ ಏಳು ಜನರಲ್ಲಿ ನರ್ಸ್ ಆಗಿ ಕೆಲಸ ಮಾಡುವ ಅಕ್ಕ ಒಬ್ಬರಿದ್ದರು. ಅವರು ಬಂದು, ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಪ್ಪಾ ಅಂದರು. ಅವನ ಕೈಲಿ ಆಗಲಿಲ್ಲ. ಅವರ ಮುಖ ಬದಲಾಯಿತು. ಅವರ ಬ್ಯಾಗಿನಲ್ಲಿ ದಪ್ಪ ಕಸದ ಚೀಲದಲ್ಲಿ ಕಟ್ಟಿಟ್ಟ ಒಂದು ಜೊತೆ ಒಣ ಬಟ್ಟೆ ಇತ್ತು, ಉಣ್ಣೆ ಟೋಪಿ ಇತ್ತು. ಒಂದು ದೊಡ್ಡ ಮರದ ಬುಡದ ಮರೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಿಡಿದು ಅವನ ಒದ್ದೆ ಬಟ್ಟೆ ಎಲ್ಲ ಬಿಚ್ಚಿಸಿ ಒಣ ಬಟ್ಟೆ ಹಾಕಿದೆವು. ಹಸಿ ನೆಲಕ್ಕೆ ತಾಗದಂತೆ ಬ್ಯಾಗುಗಳ ಮೇಲೆ ಕೂರಿಸಿ, ಹಾಳೆ ಸುತ್ತಿ, ಎರಡು ಕಡೆಯಿಂದ ಇಬ್ಬರು ತಬ್ಬಿಕೊಂಡು ಕೂತೆವು. ನಮ್ಮ ಅಮ್ಮ ಬ್ಯಾಗಿಗೆ ಹಾಕಿದ್ದ ಅಚ್ಚುಬೆಲ್ಲ ಇತ್ತು. ಅವನಿಗೆ ನುಂಗಲು ಆಗುತ್ತಿದೆಯಾ ಅಂತ ನೋಡಿಕೊಂಡು ಅದನ್ನು ಚೂರು ಚೂರಾಗಿ ಬಾಯಿಗೆ ಕೊಟ್ಟರು. ಒಬ್ಬರು ಬ್ರಾಂದಿ ಬಾಟಲಿ ತೆಗೆದರು, ಮೈ ಬಿಸಿ ಆಗಲಿ ಅಂತ. ಅಕ್ಕ ಬೇಡವೇ ಬೇಡ ಅಂದರು. ಕುಡಿದರೆ ಚರ್ಮದ ಕಡೆ ರಕ್ತ ನುಗ್ಗಿ ಬೆಚ್ಚಗಾದ ಹಾಗೆ ಅನ್ನಿಸುತ್ತೆ, ಒಳಗಿನ ಬಿಸಿ ಇನ್ನೂ ಬೇಗ ಹೊರಗೆ ಹೋಗುತ್ತೆ. ಕೈಕಾಲು ಗಸಗಸ ಉಜ್ಜಲೂ ಬಿಡಲಿಲ್ಲ.

ಆಮೇಲೆ ಅವರು ವಿವರಿಸಿದರು. ಮೈಯೊಳಗಿನ ಬಿಸಿ 37 ಡಿಗ್ರಿ ಇರಬೇಕು. 35ಕ್ಕಿಂತ ಇಳಿದರೆ ಅಪಾಯ ಶುರು. ತಲೆ ಮಂಕಾಗುವುದರಿಂದ ತನಗೆ ಏನಾಗುತ್ತಿದೆ ಅಂತ ಅವನಿಗೇ ಗೊತ್ತಾಗುವುದಿಲ್ಲ, ಪಕ್ಕದವರೇ ನೋಡಬೇಕು. ಇನ್ನೂ ಇಳಿದರೆ ನಡುಕ ನಿಂತು ಹೋಗುತ್ತೆ. ನಡುಕ ನಿಂತಿತು, ಸುಧಾರಿಸಿದ ಅಂತ ಜನ ಅಂದುಕೊಳ್ಳುತ್ತಾರೆ. ಅದು ಸುಧಾರಿಸಿದ್ದಲ್ಲ, ಪೂರ್ತಿ ಕೆಟ್ಟಿದ್ದು.

ಇದಕ್ಕೆ ಹಿಮ ಬೇಡ, ಸೊನ್ನೆ ಡಿಗ್ರಿಯೂ ಬೇಡ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ತಡಿಯಂಡಮೋಳ್ ತುದಿ 1,748. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ಬಿಸಿ ಇಳಿಯುತ್ತೆ. ಅದರ ಮೇಲೆ ಮಳೆ, ಅದರ ಮೇಲೆ ಗಾಳಿ. ಹತ್ತಿ ಬಟ್ಟೆ ನೆಂದರೆ ಬೆಚ್ಚಗಿಡುವ ಗುಣ ಬಹುಪಾಲು ಕಳೆದುಕೊಳ್ಳುತ್ತೆ, ಮೈಗೆ ಅಂಟಿಕೊಂಡು ಬಿಸಿ ಹೀರುತ್ತಲೇ ಇರುತ್ತೆ. ಉಣ್ಣೆ ಹಾಗಲ್ಲ, ನೆಂದರೂ ಒಂದಿಷ್ಟು ಬೆಚ್ಚಗಿಡುತ್ತೆ. ತಾತ ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಗದ್ದೆಯಲ್ಲಿ ಇರುತ್ತಿದ್ದರು. ಚಿಕ್ಕವನಿದ್ದಾಗ ಆ ವಾಸನೆ ನನಗೆ ಹಿಡಿಸುತ್ತಿರಲಿಲ್ಲ. ಅವರು ಅದನ್ನೇ ಯಾಕೆ ಹಾಕುತ್ತಿದ್ದರು ಅಂತ ಈಗ ಅರ್ಥ ಆಗಿದೆ.

ಅರ್ಧ ಗಂಟೆಯ ಮೇಲೆ ಅವನು ಮತ್ತೆ ಜೋರಾಗಿ ನಡುಗಲು ಶುರು ಮಾಡಿದ. ಅಕ್ಕನಿಗೆ ಖುಷಿ ಆಯಿತು. ಇನ್ನೂ ಸ್ವಲ್ಪ ಹೊತ್ತು ಕೂರಿಸಿ, ಮಾತು ಸ್ಪಷ್ಟ ಆದಮೇಲೆ ಮಧ್ಯೆ ಹಾಕಿಕೊಂಡು ಇಳಿಸಿದೆವು. ಫೋನಿಗೆ ನೆಟ್‌ವರ್ಕ್ ಇಲ್ಲ, ಒದ್ದೆ ಬೆರಳಿಗೆ ಸ್ಕ್ರೀನ್ ಸ್ಪಂದಿಸುವುದೂ ಇಲ್ಲ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಕೆಂಪಗೆ ಮೊಣಕಾಲು ಮೀರಿ ಹರಿಯುತ್ತಿತ್ತು. ಕೈ ಕೈ ಹಿಡಿದು ದಾಟೋಣ ಅಂದವರೂ ಇದ್ದರು. ನಾವು ದಾಟಲಿಲ್ಲ. ಮೊಣಕಾಲು ಮೀರಿದ ಹರಿವ ನೀರಿಗೆ ಇಳಿಯಲೇಬೇಡಿ, ಕೆಳಗಿನ ಕಲ್ಲು ಕಾಣದಿದ್ದರೆ ಅದಕ್ಕಿಂತ ಕಮ್ಮಿ ಇದ್ದರೂ ಬೇಡ. ಬೆಟ್ಟದ ಹಳ್ಳ ಬೇಗ ಏರುತ್ತೆ, ಮಳೆ ನಿಂತಮೇಲೆ ಸಾಮಾನ್ಯವಾಗಿ ಬೇಗ ಇಳಿಯುತ್ತೆ. ಮಳೆ ನಿಂತು ಮುಕ್ಕಾಲು ಗಂಟೆಗೆ ದಾರಿ ಸಿಕ್ಕಿತು. ಕತ್ತಲಾಗಿತ್ತು. ಟಾರ್ಚ್ ಇದ್ದದ್ದು ಒಂದು, ಅದೂ ಅಕ್ಕನದೇ. ಕೆಳಗೆ ತೋಟದ ಮನೆಯವರು ಒಲೆ ಹತ್ತಿರ ಕೂರಿಸಿ ಬೆಲ್ಲದ ಕರಿ ಕಾಫಿ ಕೊಟ್ಟರು, ಕಂಬಳಿ ಹೊದಿಸಿದರು, ಜೀಪು ತೆಗೆದು ವಿರಾಜಪೇಟೆಯ ಡಾಕ್ಟರ ಹತ್ತಿರ ಬಿಟ್ಟು ಬಂದರು. ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಕಾಲಲ್ಲಿ ಹತ್ತಾರು ಜಿಗಣೆ ಇದ್ದವು, ಅವುಗಳ ಕಡೆ ಯಾರೂ ನೋಡಲೂ ಇಲ್ಲ.

ತಂಡದವರು? ಮಳೆ ಬರಬಹುದು, ನಿಮ್ಮ ಜವಾಬ್ದಾರಿ ಅಂತ ಫಾರಂನಲ್ಲಿ ಸಹಿ ಹಾಕಿದ್ದೀರಲ್ಲ ಸರ್ ಅಂದರು. ಅದೇ ತಂಡ ಮುಂದಿನ ವಾರ ಮತ್ತೆ 25 ಜನರನ್ನು ಕರೆದುಕೊಂಡು ಹೋಯಿತು. ಆ ಗೈಡ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಏನೂ ಕಲಿಸಿರಲಿಲ್ಲ.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಮಳೆಯ ನಂತರದ ಆ ಹಸಿರು ನೋಡಲೇಬೇಕು. ಆದರೆ ಜೀನ್ಸ್ ಮನೆಯಲ್ಲಿ ಬಿಡಿ. ಆಟದವರು ಹಾಕುವ ಬೇಗ ಒಣಗುವ ಬಟ್ಟೆ ಸಾಕು, ದುಬಾರಿ ಏನೂ ಬೇಡ. ಹರಿಯದ ಒಂದು ಗಟ್ಟಿ ಮಳೆ ಜಾಕೆಟ್ ಇರಲಿ. ಬ್ಯಾಗಿನ ಮೇಲಿನ ರೇನ್ ಕವರ್ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತೆ. ಒಣ ಬಟ್ಟೆ ಒಂದು ಜೊತೆ, ಸ್ವೆಟರ್, ಟೋಪಿ, ಕಾಲುಚೀಲ ಎಲ್ಲ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಬ್ಯಾಗಿನ ಒಳಗಿಡಿ, ಬಸ್ಸಿನಲ್ಲಿ ಅಲ್ಲ. ನಡೆಯುವಾಗ ಅದನ್ನು ಮುಟ್ಟಬೇಡಿ, ಅದು ತುರ್ತಿಗೆ. ಹೆಡ್‌ಟಾರ್ಚ್ ತಲೆಗೊಂದು. ಬೆಲ್ಲ, ಕಡ್ಲೆಮಿಠಾಯಿ ಜೇಬಿನಲ್ಲಿ. ಯಾರಿಗಾದರೂ ಹೀಗಾದರೆ ಸಿಗ್ನಲ್ ಸಿಕ್ಕ ತಕ್ಷಣ 112ಕ್ಕೆ ಫೋನ್ ಮಾಡಿ.

ದುಡ್ಡು ಕಟ್ಟುವ ಮುಂಚೆ ತಂಡದವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಎಷ್ಟು ಜನಕ್ಕೆ ಎಷ್ಟು ಗೈಡ್, ಕೊನೆಯವರ ಹಿಂದೆ ಯಾರು ಬರುತ್ತಾರೆ, ತುದಿ ಸಿಗದಿದ್ದರೂ ಎಷ್ಟು ಗಂಟೆಗೆ ತಿರುಗುತ್ತೀರಿ. ಮೂರನೆಯದಕ್ಕೆ ಗಡಿಯಾರದ ಸಮಯ ಬರಬೇಕು. ‘ನೋಡ್ಕೊಂಡು ಮಾಡೋಣ ಸರ್’ ಅಂದರೆ ಫೋನ್ ಇಟ್ಟು ಬೇರೆಯವರನ್ನು ಹುಡುಕಿ.