ಟೀ ಸೊಪ್ಪಿಗೆ ಸೋಲಾರ್ ಡ್ರೈಯರ್: ಗ್ರೀನ್ ಟೀಗೆ ಕಣ್ಮುಚ್ಚಿ ತಗೊಳ್ಳಿ, ಬ್ಲ್ಯಾಕ್ ಟೀಗೆ ಬೇಡ

ನಮ್ದು ಮೂಡಿಗೆರೆ ಕಡೆ ಕಾಫಿ ತೋಟ, ಬದಿಯಲ್ಲಿ ಅಜ್ಜ ನೆಟ್ಟ ಒಂದಿಷ್ಟು ಟೀ ಗಿಡ ಇದಾವೆ, ಫ್ಯಾಕ್ಟರಿಗೆ ಕೊಡೋವಷ್ಟು ಸೊಪ್ಪು ಆಗಲ್ಲ, ಹಂಗಂತ ಕಡಿದು ಹಾಕೋಕೂ ಮನಸ್ಸು ಬರಲ್ಲ. ಅದಕ್ಕೆ ಹೋದ ವರ್ಷ 8 ಟ್ರೇದು ಒಂದು ಸೋಲಾರ್ ಡ್ರೈಯರ್ ತಗೊಂಡೆ, ಲಾರಿ ಬಾಡಿಗೆ ಸೇರಿ 28 ಸಾವಿರ ಆಯ್ತು. ಮೇಲೆ ಪಾಲಿಕಾರ್ಬೊನೇಟ್ ಶೀಟು, ಒಳಗೆ ಕಪ್ಪು ಬಳಿದ ತಗಡು, ಪುಟ್ಟ ಪ್ಯಾನೆಲ್‌ನಲ್ಲಿ ಓಡೋ ಫ್ಯಾನು, ಕರೆಂಟೇ ಬೇಡ.

ಗ್ರೀನ್ ಟೀಗೆ ಇದು ನಿಜವಾಗ್ಲೂ ಚೆನ್ನಾಗಿದೆ. ಎರಡೆಲೆ ಒಂದು ಮೊಗ್ಗು ಬೆಳಿಗ್ಗೆನೇ ಕಿತ್ತು, ಕಾದ ಸ್ಟೀಲ್ ಬಾಣಲೇಲಿ ಹಸಿ ವಾಸನೆ ಹೋಗೋ ತನಕ ಹುರಿದು, ಅಂಗೈಯಲ್ಲಿ ತೀಡಿ, ಟ್ರೇ ಮೇಲೆ ತೆಳ್ಳಗೆ ಹರಡಿ ಬೆಳಿಗ್ಗೆ 10ಕ್ಕೆ ಮುಂಚೆ ಡ್ರೈಯರ್ ಒಳಗಿಟ್ರೆ ಸಂಜೆ 4ಕ್ಕೆ ಆಗಿರುತ್ತೆ, ಒಳ್ಳೆ ಬಿಸಿಲಿದ್ರೆ ಒಳಗೆ 55-60 ಡಿಗ್ರಿ ಬರುತ್ತೆ. 5 ಕೆಜಿ ಹಸಿ ಸೊಪ್ಪಿಗೆ 1 ಕೆಜಿ ಮೇಲೆ ಸ್ವಲ್ಪ ಸಿಗುತ್ತೆ. ಮೊದ್ಲು ಕಾಫಿ ಕಣದಲ್ಲೇ ಒಣಗಿಸ್ತಿದ್ವಿ, ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋದು) ಟೈಮಲ್ಲಿ ಆ ಹುಳಿ ವಾಸನೆ ಎಲ್ಲಾ ಟೀ ಎಳ್ಕೊಂಡು ಕುಡಿಯೋಕೇ ಆಗ್ತಿರ್ಲಿಲ್ಲ, ಈಗ ಆ ತಾಪತ್ರಯ ಇಲ್ಲ. ಒಂದು ಮಾತು, ಎಲೆ ಗರಿಗರಿ ಆಯ್ತು ಅಂತ ತೆಗೀಬೇಡಿ, ಅಮ್ಮ ಹೇಳೋ ಹಾಗೆ ತೊಟ್ಟು ಬಗ್ಗಿಸಿ ನೋಡಿ, ಟಕ್ ಅಂತ ಮುರೀಬೇಕು. ಬಗ್ಗಿದ್ರೆ ಒಳಗೆ ನೀರಿದೆ ಅಂತ ಅರ್ಥ, ಡಬ್ಬಿಗೆ ಹಾಕಿದ ವಾರಕ್ಕೆ ಬೂಸ್ಟು ಬರುತ್ತೆ, ನಮ್ಗೆ ಒಂದು ಡಬ್ಬಿ ಪೂರ್ತಿ ಹೋಯ್ತು.

ಬ್ಲ್ಯಾಕ್ ಟೀ 3 ಸಲ ಮಾಡಿ ನೋಡ್ದೆ, ಮೂರು ಸಲಾನೂ ಸಪ್ಪೆ. ಇದಕ್ಕೆ ಸೊಪ್ಪು ಹುರಿಯಲ್ಲ, ತೀಡಿ ಗಾಳಿಗೆ ಕೆಂಪಾಗೋಕೆ ಬಿಟ್ಟು ಆಮೇಲೆ ಒಣಗಿಸೋದು. ಫ್ಯಾಕ್ಟರೀಲಿ 100 ಡಿಗ್ರಿ ಹತ್ತಿರದ ಗಾಳಿ ಕೊಟ್ಟು ಅರ್ಧ ಗಂಟೆ ಒಳಗೆ ತೇವ 3 ಪರ್ಸೆಂಟ್‌ಗೆ ಇಳಿಸ್ತಾರೆ, ಸೊಪ್ಪು ಕೆಂಪಾಗೋದು ಅಲ್ಲಿಗೇ ನಿಲ್ಲುತ್ತೆ. ಇಲ್ಲಿ 60 ಡಿಗ್ರೀಲಿ ಸಂಜೆ ತನಕ ಕೆಂಪಾಗ್ತಾನೇ ಇರುತ್ತೆ, ಬೇಯಿಸಿದ ಸೊಪ್ಪಿನ ರುಚಿ ಬರುತ್ತೆ. ದಕ್ಷಿಣ ಭಾರತದ ಕೆಲವು ಫ್ಯಾಕ್ಟರಿಗಳು ಛಾವಣಿ ಮೇಲೆ ಸೋಲಾರ್ ಏರ್ ಹೀಟರ್ ಹಾಕಿ ಗಾಳೀನ ಮೊದಲು ಬಿಸಿಲಲ್ಲಿ ಬೆಚ್ಚಗೆ ಮಾಡ್ಕೊಂಡು ಆಮೇಲೆ ಸೌದೆ ಒಲೆಗೆ ಬಿಡ್ತಾವೆ, ಅಷ್ಟು ಸೌದೆ ಉಳಿಯುತ್ತೆ. ಬ್ಲ್ಯಾಕ್ ಟೀಗೆ ಬಿಸಿಲು ಅಷ್ಟರ ಮಟ್ಟಿಗೇ ಸಾಕು.

ಸಿಟ್ಟು ಬಂದಿದ್ದು ಟ್ರೇ ಜಾಲರಿ ವಿಷಯಕ್ಕೆ. ಡ್ರೈಯರ್ ಮಾರಿದವ್ರು ಸ್ಟೀಲ್ ಅಂತ ಹೇಳಿ ಬಣ್ಣ ಬಳಿದ ಕಬ್ಬಿಣ ಕೊಟ್ಟಿದ್ರು, 2 ತಿಂಗಳಿಗೆ ಬಣ್ಣ ಎದ್ದು ಸೊಪ್ಪಿನ ಮೇಲೆ ಕಪ್ಪು ಗೆರೆ, ಟೀ ಒಗರಿಗೂ ಕಬ್ಬಿಣಕ್ಕೂ ಆಗಿಬರಲ್ಲ, ಲೋಟದಲ್ಲಿ ನೀರೇ ಮಸಿ ಬಣ್ಣಕ್ಕೆ ತಿರುಗ್ತು. ಫೋನ್ ಮಾಡಿದ್ರೆ ನಾಳೆ ನಾಡಿದ್ದು ಅಂತ ಸಾಗಹಾಕಿದ್ರು, ಕೊನೆಗೆ ನಾನೇ ಸ್ಟೀಲ್ ಜಾಲರಿ ತಂದು ಹೊಡೆಸ್ದೆ. ಇನ್ನೊಂದು, ಸೊಪ್ಪು ಇಟ್ಟ ಮೊದಲ ಒಂದು ಗಂಟೆ ಡ್ರೈಯರ್ ಮೇಲಿನ ಕಿಂಡಿ ಪೂರ್ತಿ ತೆಗೆದಿಡಿ, ಇಲ್ಲಾಂದ್ರೆ ಶೀಟು ಬೆವರಿ ಹನಿ ಟ್ರೇ ಮೇಲೇ ಬೀಳುತ್ತೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೇಲಿ ಇದಕ್ಕೆ ಕೆಲಸವೇ ಇಲ್ಲ, ಟಾರ್ಪಲ್ ಹೊದಿಸಿ ಇಟ್ಟಿರ್ತೀವಿ. ಆಮೇಲೆ ಅಕ್ಟೋಬರ್ ಚಿಗುರಿಗೆ ಮತ್ತೆ ಅಂಗಳಕ್ಕೆ ಬರುತ್ತೆ.